ನಮ್ಮ ನಿನ್ನೆ, ಅವರ ನಾಳೆ: ‘ಲೈಲಾ’ ಸರಣಿಗೆ ಅಭಿಮಾನಿಗಳು ಯಾಕೆ ಹುಟ್ಟಲಿಲ್ಲ?

1

ದಲಿತ ವಿಮರ್ಶೆಗೆ ಮೀಸಲಾದ ಸಂಚಿಕೆಯಲ್ಲಿ ಒಂದು ಟಿ.ವಿ. ಸರಣಿಯ ಬಗ್ಗೆ, ಅದೂ ವಿಜ್ಞಾನ ಕಥೆಯ ಬಗ್ಗೆ ಬರೆಯಹೊರಟರೆ ಕೆಲವು ಗೆಳೆಯರಿಗೆ ಇದು ಹುಡುಗಾಟ ಅಂತ ಅನ್ನಿಸಬಹುದು. ನಮ್ಮ ವಿಮರ್ಶೆ ಆತ್ಮಕಥೆ, ಕಾವ್ಯ, ಸಣ್ಣಕತೆಗಳ ಜೊತೆ ಬೆಳೆದದ್ದು. ನಿನ್ನೆಯ ಅವಮಾನವನ್ನು ಹೇಳುವ ಭಾಷೆ ನಮ್ಮಲ್ಲಿದೆ, ಇವತ್ತಿನ ಹೋರಾಟವನ್ನು ಹೇಳುವ ಭಾಷೆಯೂ ಇದೆ. ನಾಳೆಯನ್ನು ಕಲ್ಪಿಸಿಕೊಳ್ಳುವ ಗುತ್ತಿಗೆಯನ್ನು ಮಾತ್ರ ಬೇರೆಯವರಿಗೆ ಬಿಟ್ಟುಕೊಟ್ಟಿದ್ದೇವೆ. ಆ ಗುತ್ತಿಗೆದಾರರು ಏನು ಕಟ್ಟಿದ್ದಾರೆ, ಅದರಲ್ಲಿ ನಮಗೆ ಎಷ್ಟು ಜಾಗ ಇಟ್ಟಿದ್ದಾರೆ ಅಂತ ಒಮ್ಮೆಯಾದರೂ ಒಳಗೆ ಹೋಗಿ ನೋಡಬೇಕಲ್ಲವೇ?

ನಾನು ನೋಡಲು ಆರಿಸಿಕೊಂಡದ್ದು ‘ಲೈಲಾ’. ಪ್ರಯಾಗ್ ಅಕ್ಬರ್ ಇಂಗ್ಲಿಷಿನಲ್ಲಿ ಬರೆದು 2017ರಲ್ಲಿ ಪ್ರಕಟವಾದ ಕಾದಂಬರಿಯನ್ನು ಆಧರಿಸಿದ ಹಿಂದಿ ಸರಣಿ. 2019ರ ಜೂನ್ 14ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಒಟ್ಟು ಆರು ಕಂತು, ಮೂವರು ನಿರ್ದೇಶಕರು: ದೀಪಾ ಮೆಹ್ತಾ, ಶಂಕರ್ ರಾಮನ್, ಮತ್ತು ನಮ್ಮ ‘ಲೂಸಿಯಾ’, ‘ಯೂ ಟರ್ನ್’ಗಳ ಪವನ್ ಕುಮಾರ್. ಹುಮಾ ಖುರೇಶಿ, ಸಿದ್ಧಾರ್ಥ್, ಸೀಮಾ ಬಿಸ್ವಾಸ್ ಥರದ ಕಲಾವಿದರು. ಪ್ರಚಾರಕ್ಕೆ, ಹಣಕ್ಕೆ ಕೊರತೆಯಿದ್ದ ಸರಣಿಯೇನಲ್ಲ.

ಕತೆ ನಡೆಯುವುದು 2040ರ ದಶಕದಲ್ಲಿ. ದೇಶದ ಹೆಸರು ಆರ್ಯಾವರ್ತ. ಒಂದೊಂದು ಸಮುದಾಯಕ್ಕೆ ಒಂದೊಂದು ವಲಯ, ವಲಯ ವಲಯದ ನಡುವೆ ಎತ್ತರದ ಗೋಡೆ. ನೀರಿಗೆ ಬರ. ಗೋಡೆಯ ಹೊರಗೆ ಬಿದ್ದವರನ್ನು ‘ದೂಷ್’ ಅಂತ ಕರೆಯುತ್ತಾರೆ, ಮಲಿನರು ಎಂಬ ಅರ್ಥದಲ್ಲಿ. ಎರಡು ಸಮುದಾಯಗಳ ಕೂಡುವಿಕೆಯಿಂದ ಹುಟ್ಟಿದ ಮಗು ‘ಮಿಶ್ರಿತ’. ಶ್ರೀಮಂತ ಹಿಂದೂ ಮನೆತನದ ಶಾಲಿನಿ ಮುಸ್ಲಿಮನೊಬ್ಬನನ್ನು ಮದುವೆಯಾಗಿದ್ದಾಳೆ. ಅವರ ಮಗಳು ಲೈಲಾ. ಒಂದು ದಿನ ಪ್ರಭುತ್ವದ ಗೂಂಡಾಗಳು ಮನೆಗೆ ನುಗ್ಗಿ ಗಂಡನನ್ನು ಕೊಲ್ಲುತ್ತಾರೆ, ಶಾಲಿನಿಯನ್ನು ಶುದ್ಧೀಕರಣ ಕೇಂದ್ರಕ್ಕೆ ಎಳೆದೊಯ್ಯುತ್ತಾರೆ, ಮಗು ಕಾಣೆಯಾಗುತ್ತದೆ. ಆರು ಕಂತುಗಳುದ್ದಕ್ಕೂ ತಾಯಿ ಮಗಳನ್ನು ಹುಡುಕುತ್ತಾಳೆ.

ಕತೆ ಮುಗಿಯದ ಜಾಗದಲ್ಲಿ ಸರಣಿ ನಿಂತಿತು. ಎರಡನೆಯ ಸುತ್ತು ಬರಲಿಲ್ಲ. ಇನ್ನೂ ದೊಡ್ಡ ಸಂಗತಿಯೆಂದರೆ ಬರಲಿ ಅಂತ ಕೂಗಿದವರೂ ಕಾಣಲಿಲ್ಲ. ಅಭಿಮಾನಿ ಅಂದರೆ ಏನು ಅಂತ ಕರ್ನಾಟಕದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ರಾಜಕುಮಾರ್ ಅವರು ಅಭಿಮಾನಿಗಳನ್ನೇ ದೇವರುಗಳು ಅಂತ ಕರೆದ ನಾಡು ಇದು. ಪವನ್ ಕುಮಾರ್ ಅವರ ‘ಲೂಸಿಯಾ’ (2013) ಅಂತೂ ಜನ ಮುಂಗಡವಾಗಿ ಹಾಕಿದ ದುಡ್ಡಿನಿಂದಲೇ ತಯಾರಾದ ಚಿತ್ರ. ಚಿತ್ರ ಹುಟ್ಟುವ ಮೊದಲೇ ಅಭಿಮಾನಿ ಹುಟ್ಟಿದ್ದ. ‘ಲೈಲಾ’ಕ್ಕೆ ಒಳ್ಳೆಯ ವಿಮರ್ಶೆಗಳು ಬಂದವು, ಚರ್ಚೆ ನಡೆಯಿತು, ಮೆಚ್ಚಿದವರೂ ಇದ್ದರು. ಆದರೆ ಮೆಚ್ಚುವುದು ಬೇರೆ, ಹಚ್ಚಿಕೊಳ್ಳುವುದು ಬೇರೆ.

2

ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಮೊದಲನೆಯದು ಪ್ರಗತಿಪರ ಗೆಳೆಯರದ್ದು: ಬಲಪಂಥೀಯರು ಅದನ್ನು ಕೊಂದರು. ಇದರಲ್ಲಿ ಸತ್ಯವಿದೆ. ಟ್ರೈಲರ್ ಬಂದ ಕೂಡಲೇ, ಒಂದೇ ಒಂದು ಕಂತನ್ನೂ ನೋಡದೆ, ಇದು ಹಿಂದೂ ವಿರೋಧಿ ಎಂಬ ಬೊಬ್ಬೆ ಎದ್ದಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮುಂಬಯಿಯಲ್ಲಿ ನೆಟ್‌ಫ್ಲಿಕ್ಸ್ ವಿರುದ್ಧ ಪೊಲೀಸರಿಗೆ ದೂರು ಹೋಯಿತು, ಅದರಲ್ಲಿ ಈ ಸರಣಿಯ ಹೆಸರೂ ಇತ್ತು. 2021ರ ಆರಂಭದಲ್ಲಿ ‘ತಾಂಡವ್’ ಸರಣಿಯ ಮೇಲೆ ಕೇಸುಗಳು ಬಿದ್ದ ಮೇಲೆ, ಆ ಫೆಬ್ರವರಿಯಲ್ಲೇ ಕೇಂದ್ರ ಸರ್ಕಾರ ಹೊಸ ನಿಯಮಗಳನ್ನು ತಂದ ಮೇಲೆ, ಇಂಥ ಕತೆಗೆ ದುಡ್ಡು ಹಾಕುವ ಧೈರ್ಯ ಯಾರಿಗಿದ್ದೀತು?

ಆದರೆ ಹಲ್ಲೆಯಾದ ಕೃತಿಗಳೆಲ್ಲ ಜನರಿಲ್ಲದೆ ಅನಾಥವಾಗುವುದಿಲ್ಲ. ಎಷ್ಟೋ ಸಲ ಹಲ್ಲೆಯೇ ಜನರನ್ನು ಕೃತಿಯ ಸುತ್ತ ನಿಲ್ಲಿಸುತ್ತದೆ. ನಮ್ಮ ಚಳವಳಿಯೇ ಸಾಕ್ಷಿ. 1973ರಲ್ಲಿ ಬಸವಲಿಂಗಪ್ಪನವರು ಆಡಿದ ‘ಬೂಸಾ’ ಎಂಬ ಒಂದು ಮಾತಿನ ಮೇಲೆ ಮುಗಿಬಿದ್ದರು, ಅವರ ಮಂತ್ರಿ ಪದವಿ ಹೋಯಿತು. ಆ ಗಲಾಟೆಯ ಒಳಗಿನಿಂದಲೇ ಒಂದು ಇಡೀ ತಲೆಮಾರು ಎದ್ದು ಬಂತು. ‘ಲೈಲಾ’ದ ಮೇಲೆ ಕಲ್ಲು ಬಿದ್ದಾಗ ಅದರ ಮುಂದೆ ಅಡ್ಡ ನಿಲ್ಲಬೇಕಾದವರು ಯಾರು? ಅವರು ಯಾಕೆ ಬರಲಿಲ್ಲ? ಪ್ರಶ್ನೆ ಇರುವುದು ಇಲ್ಲಿ.

ಎರಡನೆಯ ಉತ್ತರ ಪತ್ರಿಕಾ ವಿಮರ್ಶಕರದ್ದು: ಇದು ಮಾರ್ಗರೆಟ್ ಅಟ್‌ವುಡ್ ಅವರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ನ ನಕಲು, ಮೇಲಾಗಿ ತೀರಾ ಕತ್ತಲೆಯ ಕತೆ, ಮನೆಗೆ ಬಂದು ದಣಿವಾರಿಸಿಕೊಳ್ಳುವವನಿಗೆ ಯಾಕೆ ಬೇಕು? ಹಾಗಾದರೆ ಆ ಮೂಲವೇನು ಬೆಳಕಿನ ಕತೆಯೇ? ಅದು 2017ರಿಂದ 2025ರವರೆಗೆ ಆರು ಸುತ್ತು ಓಡಿತು. ಕತ್ತಲೆಯ ಕತೆಗೂ ಜನ ಸೇರುತ್ತಾರೆ.

ಇನ್ನೊಂದು ಸಂಗತಿಯನ್ನು ಎರಡೂ ಉತ್ತರದವರು ಹೇಳುವುದಿಲ್ಲ. ಸರಣಿ ಬಂದಾಗ ನೆಟ್‌ಫ್ಲಿಕ್ಸ್‌ನ ಅತಿ ಕಡಿಮೆಯ ಚಂದಾ ತಿಂಗಳಿಗೆ ಸುಮಾರು 500 ರೂಪಾಯಿ. ಮೊಬೈಲಿನಲ್ಲಿ ಮಾತ್ರ ನೋಡುವ 199 ರೂಪಾಯಿಯ ಯೋಜನೆ ಬಂದದ್ದೇ 2019ರ ಜುಲೈ ಕೊನೆಯಲ್ಲಿ, ಅಂದರೆ ‘ಲೈಲಾ’ ಬಂದು ಆರು ವಾರಗಳ ಮೇಲೆ. ಗೋಡೆಯ ಹೊರಗಿನವರ ಬಗೆಗಿನ ಕತೆಯನ್ನು ಗೋಡೆಯ ಒಳಗೆ ತೋರಿಸಿದರು. ಹೊರಗಿನವರು ಕೂಡ ಹೇಗೋ ನೋಡಿದರು, ಅದು ಬೇರೆ ಮಾತು. ನಮ್ಮ ಹಾಸ್ಟೆಲಿನ ಹುಡುಗರಿಗೆ ಚಂದಾ ಇಲ್ಲದಿದ್ದರೂ ದಾರಿ ಗೊತ್ತಿದೆ.

3

ಮೊದಲ ಕಂತಿನ ಒಂದು ದೃಶ್ಯದಿಂದ ಶುರುಮಾಡೋಣ. ಶುದ್ಧೀಕರಣ ಕೇಂದ್ರದಲ್ಲಿ ಹೆಂಗಸರನ್ನು ಎಂಜಲಿನ ಮೇಲೆ ಉರುಳಿಸುತ್ತಾರೆ. ಮಹಾನಗರದ ಪ್ರೇಕ್ಷಕ ಇದನ್ನು ನೋಡಿ ಬೆಚ್ಚುತ್ತಾನೆ: ಅಯ್ಯೋ, ಇನ್ನು 30 ವರ್ಷಕ್ಕೆ ನಮ್ಮ ಗತಿ ಹೀಗಾಗುತ್ತದೆಯೇ? ಕಾಪು, ಉಡುಪಿ, ಕಾರ್ಕಳದ ಕಡೆಯ ಪ್ರೇಕ್ಷಕನಿಗೆ ಆ ದೃಶ್ಯಕ್ಕೆ ಒಂದು ಹೆಸರಿದೆ, ಒಂದು ತಿಥಿಯಿದೆ. ಚಂಪಾಷಷ್ಠಿಯ ಹೊತ್ತಿಗೆ ಕುಕ್ಕೆಯಲ್ಲಿ ಬ್ರಾಹ್ಮಣರು ಉಂಡೆದ್ದ ಎಲೆಗಳ ಮೇಲೆ ಉರುಳುವ ಮಡೆಸ್ನಾನ ಅದು. ಉಡುಪಿ ಕೃಷ್ಣಮಠದಲ್ಲಿ ಮಡೆಸ್ನಾನ, ಎಡೆಸ್ನಾನ ಎರಡನ್ನೂ ನಿಲ್ಲಿಸಿದ್ದು 2018ರ ಡಿಸೆಂಬರ್‌ನಲ್ಲಿ. ಅದಾಗಿ ಆರು ತಿಂಗಳಿಗೆ ಅದು ಭವಿಷ್ಯದ ಭಯಾನಕ ಕಲ್ಪನೆಯಾಗಿ ಪರದೆಯ ಮೇಲೆ ಬಂತು. ರಾಜ್ಯದ 2017ರ ಅಮಾನವೀಯ ಆಚರಣೆಗಳ ತಡೆ ಕಾಯ್ದೆ ಜಾರಿಗೆ ಬಂದದ್ದು 2020ರ ಜನವರಿಯಲ್ಲಿ, ಅಂದರೆ ಸರಣಿ ಬಂದ ಮೇಲೆ.

ಈ ಕಂತನ್ನು ನೋಡಿದ ಮೇಲೆ ನನ್ನ ವಿದ್ಯಾರ್ಥಿಯೊಬ್ಬ ತುಳುವಿನಲ್ಲಿ ಕೇಳಿದ: “ಉಂದು ನಮ್ಮ ಅಜ್ಜಿನ ಕತೆ ಅತ್ತಾ ಸರ್?” ಇದು ನಮ್ಮ ಅಜ್ಜಿಯ ಕತೆಯಲ್ಲವಾ ಅಂತ. ನನ್ನ ಮಟ್ಟಿಗೆ ಈ ಸರಣಿಯ ಬಗ್ಗೆ ಬಂದ ಅತ್ಯಂತ ಸಣ್ಣ, ಅತ್ಯಂತ ಗಟ್ಟಿ ವಿಮರ್ಶೆ ಅದು.

ಕರಾವಳಿಯ ಕೊರಗ ಸಮುದಾಯದ ಮೇಲೆ ಹೇರಿದ್ದ ಅಜಲು ಪದ್ಧತಿಯನ್ನು ನೆನಪಿಸಿಕೊಳ್ಳಿ. ಉಗುರು, ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು, ಕಂಬಳ ಶುರುವಾಗುವ ಮೊದಲು ಅವರನ್ನು ಕೋಣಗಳಂತೆ ಓಡಿಸುವುದು. ಇದನ್ನು ನಿಷೇಧಿಸಲು ಕರ್ನಾಟಕ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಯಾವ ಕಾದಂಬರಿಕಾರನ ಕಲ್ಪನೆಯೂ ಆ ಕಾಯ್ದೆಯ ವ್ಯಾಖ್ಯೆಯ ಭಾಗವನ್ನು ಮೀರಿಸಲಾರದು. ಶುದ್ಧೀಕರಣದ ವಿಷಯವೂ ಅಷ್ಟೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ ಮೇಲೆ ಸವರ್ಣೀಯರು ಸೆಗಣಿ, ಗಂಜಲ, ಹಾಲು, ಮೊಸರನ್ನು 108 ಕೊಡ ಸುರಿದು ಕೆರೆಯನ್ನು ‘ಶುದ್ಧ’ ಮಾಡಿಕೊಂಡರು. ಅಷ್ಟು ಹಿಂದಕ್ಕೆ ಹೋಗುವುದೇ ಬೇಡ. 2016ರ ಅಕ್ಟೋಬರ್ 9ರಂದು ‘ಉಡುಪಿ ಚಲೋ’ ಜಾಥಾ ಉಡುಪಿ ತಲುಪಿತು. ಅದೇ ತಿಂಗಳು ‘ಕನಕ ನಡೆ’ ಎಂಬ ಹೆಸರಿನಲ್ಲಿ ಮಠದ ಸುತ್ತ ಬೀದಿ ಗುಡಿಸುವ ಕಾರ್ಯಕ್ರಮ ಗೊತ್ತಾಯಿತು. ನಡೆಸುವವರು ಇದು ಬರಿ ಸ್ವಚ್ಛತೆ ಅಂದರು, ದಲಿತ ಸಂಘಟನೆಗಳು ಇದು ಶುದ್ಧೀಕರಣ ಅಂದವು.

ಹಳೆಯ ಸಂಗತಿಯನ್ನು ನಾಳೆಗೆ ಸಾಗಿಸಿ ಕತೆ ಮಾಡುವುದು ತಪ್ಪಲ್ಲ. ಚರಿತ್ರೆಯಲ್ಲಿ ಎಲ್ಲೂ ನಡೆಯದ್ದನ್ನು ತಾನು ಕಾದಂಬರಿಯಲ್ಲಿ ಸೇರಿಸಿಲ್ಲ ಅಂತ ಅಟ್‌ವುಡ್ ಅವರೇ ಹೇಳಿದ್ದಾರೆ. ಆದರೆ ಸಾಗಿಸುವಾಗ ಸರಕಿನ ಮೇಲಿದ್ದ ವಿಳಾಸವನ್ನು ಕಿತ್ತುಹಾಕಿದರೆ ಅದು ಕಳ್ಳಸಾಗಣೆ. ‘ಲೈಲಾ’ದಲ್ಲಿ ಎಂಜಲಿನ ಮೇಲೆ ಉರುಳುವವಳು ಶಾಲಿನಿ. ನೀರಿಗಾಗಿ ಅಂಗಲಾಚುವವಳು ಶಾಲಿನಿ. ಮೈಮುಟ್ಟಿದರೆ ಮೈಲಿಗೆ ಅನ್ನಿಸಿಕೊಳ್ಳುವವಳು ಶಾಲಿನಿ. ಇದನ್ನೆಲ್ಲ ನೂರಾರು ವರ್ಷ ಅನುಭವಿಸಿದವರು ಅವಳ ಹಿಂದೆ ಮಸುಕು ಮಸುಕಾಗಿ ಓಡಾಡುತ್ತಾರೆ, ಕೊಳೆಗೇರಿಯ ದೃಶ್ಯಕ್ಕೆ ಬಣ್ಣ ತುಂಬಲು. ನಮಗೆ ಆದದ್ದು ಅವರಿಗೂ ಆದೀತು ಎಂಬ ಭಯದಿಂದ ಈ ಸರಣಿ ಹುಟ್ಟಿದೆ. ನಮಗೆ ಆಯಿತು ಎಂಬುದರ ಬಗ್ಗೆ ಅದಕ್ಕೆ ಹೇಳಲು ಹೆಚ್ಚೇನಿಲ್ಲ. ಅಟ್‌ವುಡ್ ಕತೆಯ ಬಗ್ಗೆ ಅಮೆರಿಕದ ಕಪ್ಪು ವಿಮರ್ಶಕಿಯರು ಎತ್ತಿದ ಆಕ್ಷೇಪವೂ ಇದೇ: ಗುಲಾಮಗಿರಿಯಲ್ಲಿ ನಮ್ಮ ಅಜ್ಜಿಯರು ಪಟ್ಟ ಪಾಡನ್ನು ತೆಗೆದು ಬಿಳಿ ಹೆಣ್ಣಿಗೆ ತೊಡಿಸಿದ್ದೀರಿ ಅಂತ.

4

ಇಲ್ಲಿ ಇನ್ನೊಂದು ಮಾತು ಸ್ಪಷ್ಟವಾಗಬೇಕು. ವಿಜ್ಞಾನ ಕಥೆ ಅಂದ ಮೇಲೆ ಅದರೊಳಗಿನ ಯಂತ್ರ ಓಡಬೇಕು. ಈ ಸಮಾಜ ಹೀಗೆ ಹೇಗೆ ನಡೆಯುತ್ತದೆ ಅಂತ ಓದುಗನಿಗೆ ಕಾಣಬೇಕು. ‘ಲೈಲಾ’ದ ಯಂತ್ರ ಬಂದೂಕಿನಿಂದ ಓಡುತ್ತದೆ. ಕಾವಲುಗಾರರು, ಬೇಲಿ, ಗುಳಿಗೆ, ಲಾಠಿ, ವಿಷಾನಿಲ. ಹೆಂಗಸರು ಉರುಳುತ್ತಾರೆ, ಯಾಕೆಂದರೆ ಉರುಳದಿದ್ದರೆ ಹೊಡೆಯುತ್ತಾರೆ.

ಆದರೆ ಕುಕ್ಕೆಯಲ್ಲಿ ಯಾರೂ ಬಂದೂಕು ಹಿಡಿದು ನಿಂತಿರಲಿಲ್ಲ. 2011ರಲ್ಲಿ ಮಡೆಸ್ನಾನಕ್ಕೆ ತಡೆ ಹಾಕಿದಾಗ ವಿರೋಧಿಸಿದವರಲ್ಲಿ ಮಲೆಕುಡಿಯ ಸಮುದಾಯದವರೂ ಇದ್ದರು, ತಡೆ ವಾಪಸಾಯಿತು. ಹರಕೆ ಹೊತ್ತು, ಚರ್ಮರೋಗ ವಾಸಿಯಾದೀತು ಅಂತ ನಂಬಿ, ತಾವಾಗಿಯೇ ಬಂದು ಉರುಳಿದವರು ಸಾವಿರಾರು ಜನ. ಈ ಸಂಗತಿಯ ಮುಂದೆ ನಿಂತು ನಮ್ಮ ಚಳವಳಿ ಎಷ್ಟು ಸಲ ತಬ್ಬಿಬ್ಬಾಗಿಲ್ಲ? ಜಾತಿಯ ಗುಟ್ಟು ಇರುವುದೇ ಇಲ್ಲಿ. ಆರ್ಯಾವರ್ತಕ್ಕೆ ಬಂದೂಕು ಬೇಕು, ನಮ್ಮೂರಿಗೆ ಭಕ್ತಿ ಸಾಕು.

ಅಂಬೇಡ್ಕರ್ ಇದನ್ನು ಶ್ರೇಣೀಕೃತ ಅಸಮಾನತೆ ಅಂತ ಕರೆದರು. ಪ್ರತಿಯೊಬ್ಬನ ತಲೆಯ ಮೇಲೂ ಒಂದು ಕಾಲು, ಪ್ರತಿಯೊಬ್ಬನ ಕಾಲ ಕೆಳಗೂ ಒಂದು ತಲೆ. ತನ್ನ ಕಾಲ ಕೆಳಗಿನ ತಲೆಯ ಆಸೆಗೆ ಮನುಷ್ಯ ತನ್ನ ತಲೆಯ ಮೇಲಿನ ಕಾಲನ್ನು ಸಹಿಸಿಕೊಳ್ಳುತ್ತಾನೆ. ಇಂಥ ಸಮಾಜಕ್ಕೆ ಗೋಡೆ ಕಟ್ಟುವ ಖರ್ಚೇ ಇಲ್ಲ. ಗೋಡೆಯನ್ನು ಎಲ್ಲರೂ ಅಂಗೈಯಗಲ ಅಂಗೈಯಗಲ ತಲೆಯೊಳಗೆ ಹೊತ್ತಿರುತ್ತಾರೆ. ‘ಲೈಲಾ’ ವಲಯಗಳನ್ನು ತೋರಿಸುತ್ತದೆ, ಮೆಟ್ಟಿಲುಗಳನ್ನು ತೋರಿಸುವುದಿಲ್ಲ. ಅದರ ಲೋಕದಲ್ಲಿ ಇರುವುದು ಒಳಗಿನವರು ಮತ್ತು ಹೊರಗಿನವರು, ಹೊಡೆಯುವವರು ಮತ್ತು ಹೊಡೆಸಿಕೊಳ್ಳುವವರು. ಹಿಟ್ಲರನ ಜರ್ಮನಿಯ ಚಲನಚಿತ್ರಗಳಿಂದ ತಂದ ಅಚ್ಚಿನಲ್ಲಿ ಜಾತಿಯನ್ನು ಎರಕ ಹೊಯ್ದರೆ ಬರುವ ಆಕೃತಿ ಅದು. ಅಚ್ಚು ಗಟ್ಟಿಯಾಗಿಯೇ ಇದೆ, ಒಳಗೆ ಹೊಯ್ದದ್ದು ಬೇರೆಯ ಲೋಹ.

ಹಾಗಂತ ಸರಣಿಯಲ್ಲಿ ಕಲ್ಪನೆಯೇ ಇಲ್ಲ ಅಂತಲ್ಲ. ಕೊನೆಯ ಭಾಗದಲ್ಲಿ ‘ಸ್ಕೈಡೋಮ್’ ಎಂಬ ಒಂದು ಯೋಜನೆ ಬರುತ್ತದೆ. ಮೇಲಿನವರ ವಲಯಕ್ಕೆ ಒಂದು ದೊಡ್ಡ ಗುಮ್ಮಟ, ಒಳಗೆಲ್ಲ ತಂಪು. ಆದರೆ ಒಳಗಿನ ಶೆಕೆಯನ್ನು ಎಲ್ಲಿಗಾದರೂ ದೂಡಬೇಕಲ್ಲ? ಅದನ್ನು ಹೊರಗಿನ ಕೊಳೆಗೇರಿಗಳ ಮೇಲೆ ದೂಡುತ್ತಾರೆ, ಅಲ್ಲಿ ಬೆಂಕಿ. ಏಸಿ ಯಂತ್ರ ಕೆಲಸ ಮಾಡುವುದೇ ಹೀಗೆ. ಅದು ತಂಪನ್ನು ಹುಟ್ಟಿಸುವುದಿಲ್ಲ, ಶಾಖವನ್ನು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಸುರಿಯುತ್ತದೆ. ಮಡಿಯೂ ಹಾಗೆಯೇ: ಒಬ್ಬನ ಮಡಿ ಉಳಿಯಬೇಕಾದರೆ ಅವನ ಕೊಳೆಯನ್ನು ಇನ್ನೊಬ್ಬ ಹೊರಬೇಕು. ಜಾತಿಯನ್ನು ಇಷ್ಟು ಸರಿಯಾಗಿ ಹಿಡಿಯುವ ಒಂದು ರೂಪಕ ಕೈಗೆ ಬಂದಿತ್ತು. ಅದು ಬಂದದ್ದು ತಡವಾಗಿ, ಹೋದದ್ದು ಬೇಗ. ಗುಮ್ಮಟದ ಹೊರಗೆ ನಿಂತು ಬೇಯುವವರ ಕಡೆ ಕ್ಯಾಮೆರಾ ತಿರುಗಿ ನಿಂತಿದ್ದರೆ ಈ ಲೇಖನವನ್ನು ಬೇರೆ ಥರ ಬರೆಯಬೇಕಾಗುತ್ತಿತ್ತು.

5

ಈಗ ಸಪ್ನಾಳ ವಿಷಯಕ್ಕೆ ಬರೋಣ. ಸಪ್ನಾ ಶಾಲಿನಿಯ ಮನೆಯಲ್ಲಿ ಕೆಲಸಕ್ಕಿದ್ದವಳು. ಎಲ್ಲವೂ ತಲೆಕೆಳಗಾದ ಮೇಲೆ ಅವಳು ಗೋಡೆಯ ಒಳಗಿನ ದೊಡ್ಡ ಮನೆಯ ಯಜಮಾನಿಯಾಗಿದ್ದಾಳೆ, ಮತ್ತು ಲೈಲಾ ಅವಳ ಮಡಿಲಲ್ಲಿ ಅವಳ ಮಗಳಾಗಿ ಬೆಳೆಯುತ್ತಿದ್ದಾಳೆ. ಕತೆಯ ಅತ್ಯಂತ ನೋವಿನ ಗಂಟು ಇದು. ನೋವು ಯಾರದ್ದು? ಶಾಲಿನಿಯದ್ದು. ನಾವು ಅವಳ ಕಣ್ಣಿನಿಂದಲೇ ಸಪ್ನಾಳನ್ನು ನೋಡಬೇಕು. ಆ ಕಣ್ಣಿಗೆ ಸಪ್ನಾ ಮಗು ಕದ್ದವಳು.

ಇಡೀ ಸರಣಿಯಲ್ಲಿ ಕೆಳಗಿನಿಂದ ಮೇಲೆ ಹೋದ ಹೆಂಗಸು ಇವಳು. ಅವಳು ಹೇಗೆ ಮೇಲೆ ಹೋದಳು? ಏನು ತೆತ್ತಳು? ತನ್ನದಲ್ಲದ, ‘ಮಿಶ್ರಿತ’ ಎಂಬ ಮುದ್ರೆಯಿದ್ದ ಮಗುವನ್ನು ಅಂಥ ಕಾಲದಲ್ಲಿ ಎತ್ತಿಕೊಂಡು ಸಾಕಿ ಉಳಿಸಿದ್ದು ಸಣ್ಣ ಮಾತೇ? ಅದು ಕಳ್ಳತನವೋ, ಆ ಕ್ರೂರ ರಾಜ್ಯದಲ್ಲಿ ನಡೆದ ಅತ್ಯಂತ ದೊಡ್ಡ ಬಂಡಾಯವೋ? ಸರಣಿಗೆ ಈ ಪ್ರಶ್ನೆ ಇಲ್ಲ. ಕೆಲಸದವಳ ಕೈಯಲ್ಲಿ ಮಗು ಬೆಳೆಯುವುದು ಶಾಲಿನಿಯ ಮನೆಯಲ್ಲಿ ಹೊಸದೇನೂ ಆಗಿರಲಿಲ್ಲ. ಕೆಲಸದವಳನ್ನು ಮಗು ಅಮ್ಮಾ ಅಂತ ಕರೆದಾಗ ಮಾತ್ರ ಅದು ದುಃಸ್ವಪ್ನವಾಯಿತು.

ನಮ್ಮ ಮಟ್ಟುವಿನ ಗುಳ್ಳದ ಕತೆ ನೆನಪಾಗುತ್ತದೆ. ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂತು, ಊರಿಗೆ ಹೆಮ್ಮೆ. ಬೀಜ ಕೊಟ್ಟವರು ವಾದಿರಾಜರು ಎಂಬ ಐತಿಹ್ಯವನ್ನು ಇಲ್ಲಿ ಚಿಕ್ಕ ಮಗುವೂ ಹೇಳುತ್ತದೆ. ಅಷ್ಟು ನೂರು ವರ್ಷ ಈ ಉಪ್ಪುಗಾಳಿಯಲ್ಲಿ ಬೆನ್ನು ಬಗ್ಗಿಸಿ, ಗೊಬ್ಬರ ಹೊತ್ತು, ನೀರೆರೆದು ಆ ಬೀಜವನ್ನು ಉಳಿಸಿದ ಕೈಗಳಿಗೆ ಐತಿಹ್ಯದಲ್ಲಿ ಹೆಸರಿಲ್ಲ. ಕೊಟ್ಟವರಿಗೆ ಕತೆ, ಸಾಕಿದವರಿಗೆ ಕೂಲಿ. ಸಪ್ನಾ ಸಾಕಿದವಳು.

ಶಾಲಿನಿಗೆ ಬೇಕಾಗಿರುವುದು ಏನು? ಮಗಳು, ಮನೆ, ಹಳೆಯ ದಿನಗಳು. ಸರಣಿ ಆ ಹಳೆಯ ದಿನಗಳನ್ನು ಹೇಗೆ ತೋರಿಸುತ್ತದೆ ಅಂತ ಗಮನಿಸಿ. ಊರಿಗೆಲ್ಲ ನೀರಿಲ್ಲ, ಇವರ ಮನೆಯಲ್ಲಿ ಈಜುಕೊಳ. ಆ ಈಜುಕೊಳದ ದಂಡೆಯಲ್ಲಿ ನಗುವ ಸಂಸಾರ. ಅದೇ ಕಳೆದುಹೋದ ಸ್ವರ್ಗ. ದುಃಸ್ವಪ್ನದ ಕತೆಗಳೆಲ್ಲ ಒಳಗೊಳಗೇ ಒಂದು ಒಳ್ಳೆಯ ಕಾಲವನ್ನು ಇಟ್ಟುಕೊಂಡಿರುತ್ತವೆ, ಪ್ರೇಕ್ಷಕ ಅದಕ್ಕಾಗಿ ಹಂಬಲಿಸಬೇಕು. ಈ ಸರಣಿ ಹಂಬಲಿಸುವ ಒಳ್ಳೆಯ ಕಾಲದಲ್ಲಿ ಸಪ್ನಾ ಪಾತ್ರೆ ತೊಳೆಯುತ್ತಿದ್ದಳು. ಅಲ್ಲಿಗೆ ವಾಪಸು ಹೋಗೋಣ ಅಂತ ಕರೆದರೆ ನಮ್ಮ ಹುಡುಗಿಯರು ಯಾಕೆ ಬಂದಾರು? ಗೋಡೆಯನ್ನು ಇಷ್ಟಪಡುವವರು ಈ ಸರಣಿಯನ್ನು ಮೊದಲ ದಿನವೇ ದ್ವೇಷಿಸಿದರು. ಗೋಡೆಯ ಒಳಗಿದ್ದೂ ಗೋಡೆಯನ್ನು ಕಂಡು ಹೆದರುವವರು ನೋಡಿ, ಹೆದರಿ, ಮುಚ್ಚಿಟ್ಟರು. ಗೋಡೆಯ ಹೊರಗಿನವರಿಗೆ ಅಲ್ಲಿ ನಿಲ್ಲಲು ಜಾಗವೇ ಇರಲಿಲ್ಲ. ಇನ್ನು ಅಭಿಮಾನಿ ಎಲ್ಲಿಂದ ಹುಟ್ಟಬೇಕು?

6

ಇಲ್ಲಿ ಯಾರಾದರೂ ನನ್ನನ್ನು ಹಿಡಿದು ನಿಲ್ಲಿಸಬಹುದು. ತನ್ನ ಜಾತಿಯ ಪಾತ್ರ ಇದ್ದರೆ ಮಾತ್ರ ಅಭಿಮಾನಿಯಾಗುವುದೇ? ಹಾಗಿದ್ದರೆ ‘ಶಕ್ತಿಮಾನ್’? ದೂರದರ್ಶನದಲ್ಲಿ 1997ರಿಂದ 2005ರವರೆಗೆ ಬಂದ ಆ ಸರಣಿಯ ನಾಯಕನ ಇನ್ನೊಂದು ಹೆಸರು ಪಂಡಿತ್ ಗಂಗಾಧರ್ ವಿದ್ಯಾಧರ್ ಮಾಯಾಧರ್ ಓಂಕಾರನಾಥ್ ಶಾಸ್ತ್ರಿ. ಅವನ ಶಕ್ತಿ ಬಂದದ್ದು ಯೋಗದಿಂದ, ಕುಂಡಲಿನಿಯಿಂದ. ಪುರೋಹಿತಶಾಹಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೇ? ಆದರೂ ಕೇರಿ ಕೇರಿಯ ಮಕ್ಕಳು ಟವೆಲನ್ನು ಹೆಗಲಿಗೆ ಕಟ್ಟಿಕೊಂಡು ಗಿರಗಿರ ತಿರುಗಿದರು.

ಈ ಆಕ್ಷೇಪ ನ್ಯಾಯವಾದದ್ದು, ಉತ್ತರ ಕೊಡಲೇಬೇಕು. ಮಕ್ಕಳು ಶಕ್ತಿಮಾನ್‌ನಿಂದ ಹಾರುವುದನ್ನು ಕಡ ತಂದರು, ಶಾಸ್ತ್ರಿ ಎಂಬ ಉಪನಾಮವನ್ನು ಅಲ್ಲೇ ಬಿಟ್ಟು ಬಂದರು. ಅಭಿಮಾನಿ ಅಂದರೆ ಹೀಗೆ ಕಡ ತರುವವನು. ಕೃತಿಯೊಳಗಿನ ಒಂದು ವಸ್ತುವನ್ನು, ಒಂದು ನಡಿಗೆಯನ್ನು, ಒಂದು ಮಾತನ್ನು ತಂದು ತನ್ನ ಬದುಕಿನಲ್ಲಿ ಬಳಸುವವನು. ‘ಹ್ಯಾಂಡ್‌ಮೇಡ್ಸ್ ಟೇಲ್’ನ ಕೆಂಪು ನಿಲುವಂಗಿ, ಬಿಳಿ ಟೊಪ್ಪಿಗೆಯನ್ನು 2017ರಿಂದ ಅಮೆರಿಕದ ಹೆಂಗಸರು ತೊಟ್ಟು ಶಾಸನಸಭೆಗಳ ಮುಂದೆ ಪ್ರತಿಭಟನೆಗೆ ನಿಂತರು. ಕತ್ತಲೆಯ ಕತೆಯಿಂದಲೂ ಒಂದು ಆಯುಧ ಸಿಕ್ಕಿತು. 1966ರಲ್ಲಿ ಶುರುವಾದ ‘ಸ್ಟಾರ್ ಟ್ರೆಕ್’ನಲ್ಲಿ ಉಹುರಾ ಎಂಬ ಅಧಿಕಾರಿಯ ಪಾತ್ರ ಮಾಡಿದ ಕಪ್ಪು ನಟಿ ನಿಶೆಲ್ ನಿಕೋಲ್ಸ್ ಮೊದಲ ಸುತ್ತಿನ ಕೊನೆಗೆ ಸರಣಿ ಬಿಡಲು ಹೊರಟಾಗ ಬೇಡ ಅಂತ ತಡೆದವರು ಮಾರ್ಟಿನ್ ಲೂಥರ್ ಕಿಂಗ್. ಆಕೆಯೇ ಇದನ್ನು ಹಲವು ಸಲ ಹೇಳಿಕೊಂಡಿದ್ದಾರೆ. ಕಿಂಗ್ ಅವರಿಗೆ ಬೇಕಾಗಿದ್ದದ್ದು ಆ ಕುರ್ಚಿ: ಮುನ್ನೂರು ವರ್ಷಗಳ ಆಚೆಯ ಹಡಗಿನಲ್ಲಿ ಒಬ್ಬ ಕಪ್ಪು ಹೆಣ್ಣುಮಗಳು ಕೆಲಸ ಮಾಡುತ್ತ ಕೂತಿರುವ ಕುರ್ಚಿ. ಆ ಕುರ್ಚಿಯನ್ನು ಎಷ್ಟೋ ಮಕ್ಕಳು ಮನೆಗೆ ಹೊತ್ತು ತಂದರು.

‘ಲೈಲಾ’ದಿಂದ ಏನು ಕಡ ತರೋಣ? ಶಾಲಿನಿಯ ಅಳುವನ್ನು ತರಲಾಗುವುದಿಲ್ಲ, ಅದು ಅವಳ ಸ್ವಂತದ್ದು. ದೂಷ್‌ಗಳ ಹತ್ತಿರ ಒಂದು ಹಾಡಿಲ್ಲ, ಒಂದು ಬೈಗುಳವಿಲ್ಲ, ಒಂದು ತಮಾಷೆಯಿಲ್ಲ. ನಮ್ಮ ಕೇರಿಗಳನ್ನು ಬಲ್ಲವರಿಗೆ ಗೊತ್ತು: ಎಂಥ ಹಸಿವಿನ ನಡುವೆಯೂ ಅಲ್ಲಿ ಯಾರಾದರೊಬ್ಬರು ಗೌಡನನ್ನು ಅಣಕಿಸಿ ನಗಿಸುತ್ತಿರುತ್ತಾರೆ. ನಗದ ದಲಿತರನ್ನು ಕಂಡವರು ಸಿನಿಮಾದವರು ಮಾತ್ರ.

ಬೇರೆ ದಾರಿ ಇತ್ತೇ? ಇತ್ತು. ಆಕ್ಟೇವಿಯಾ ಬಟ್ಲರ್ ಎಂಬ ಕಪ್ಪು ಲೇಖಕಿಯ ‘ಪ್ಯಾರಬಲ್ ಆಫ್ ದಿ ಸೋವರ್’ 1993ರಲ್ಲಿ ಬಂತು. ಅಲ್ಲಿಯೂ ಗೋಡೆ ಇದೆ, ನೀರಿಗೆ ಬೆಲೆ ಏರಿದೆ. ಕತೆ ಶುರುವಾಗುವುದು 2024ರಲ್ಲಿ. ಆದರೆ ಹದಿಹರೆಯದ ಕಪ್ಪು ಹುಡುಗಿ ಲಾರೆನ್ ಗೋಡೆ ಬಿದ್ದ ಮೇಲೆ ಹಳೆಯ ಮನೆಗಾಗಿ ಅಳುತ್ತ ಕೂರುವುದಿಲ್ಲ. ಉತ್ತರದ ಕಡೆ ನಡೆಯುತ್ತಾಳೆ, ದಾರಿಯಲ್ಲಿ ಸಿಕ್ಕ ಸಿಕ್ಕವರನ್ನು ಕೂಡಿಸಿಕೊಳ್ಳುತ್ತಾಳೆ, ಒಂದು ಹೊಸ ಸಮುದಾಯ ಕಟ್ಟುತ್ತಾಳೆ. ವಾಪಸು ಹೋಗಲು ಅವಳಿಗೆ ಒಳ್ಳೆಯ ಕಾಲ ಎಂಬುದೇ ಇರಲಿಲ್ಲ. ಆದ್ದರಿಂದ ಮುಂದಕ್ಕೇ ಹೋಗಬೇಕು.

ಅಷ್ಟು ದೂರ ಯಾಕೆ, ನಮ್ಮ ತುಳುನಾಡಿನ ಕೊರಗ ತನಿಯನ ಪಾಡ್ದನ ಇಲ್ಲವೇ? ಏಳಾಳಿನ ಹೊರೆಯನ್ನು ಒಬ್ಬನೇ ಹೊತ್ತು ದೇವಸ್ಥಾನದ ಬಾಗಿಲಿಗೆ ತಂದವನನ್ನು ಹೊರಗೇ ನಿಲ್ಲಿಸುತ್ತಾರೆ. ಹೊತ್ತು ತಂದದ್ದು ಒಳಗೆ ಹೋಗುತ್ತದೆ, ಹೊತ್ತವನು ಹೋಗುವಂತಿಲ್ಲ. ಅವನು ಗೋಡೆ ಹತ್ತುತ್ತಾನೆ, ಮಾಯವಾಗುತ್ತಾನೆ. ತುಳುವಿನಲ್ಲಿ ಮಾಯ ಅಂದರೆ ಇಲ್ಲವಾಗುವುದಲ್ಲ. ಕಣ್ಣಿಗೆ ಕಾಣುವ ಜೋಗದ ಲೋಕದಿಂದ ಕಾಣದ ಲೋಕಕ್ಕೆ ದಾಟುವುದು, ಅಲ್ಲಿಂದ ಅಧಿಕಾರದಿಂದ ಮಾತಾಡುವುದು. ವಿಜ್ಞಾನ ಕಥೆಯವರು ಬೇರೆ ಆಯಾಮ ಅಂತ ಯಾವುದನ್ನು ಕರೆಯುತ್ತಾರೋ ಅದು ಇಲ್ಲಿ ಗೋಡೆಯ ಮೇಲೆಯೇ ಇತ್ತು. ಇವತ್ತು ವಸ್ತು ಕಳೆದುಹೋದರೆ ಎಲ್ಲ ಜಾತಿಯವರೂ ಕೊರಗಜ್ಜನಿಗೆ ಚಕ್ಕುಲಿ, ಕಳ್ಳು, ವೀಳ್ಯದ ಹರಕೆ ಹೇಳುತ್ತಾರೆ. ಅಭಿಮಾನಿಗಳ ಲೆಕ್ಕ ಹಾಕುವುದಾದರೆ ಯಾವ ಸರಣಿಯೂ ಅವನ ಹತ್ತಿರ ಸುಳಿಯಲಾರದು. ಹಾಗಂತ ಮೈಮರೆಯುವಂತಿಲ್ಲ. ಮಾಯಕ್ಕೆ ಸಂದ ಕೊರಗನಿಗೆ ಕೈಮುಗಿದ ಊರೇ ಬದುಕಿದ್ದ ಕೊರಗನ ಅನ್ನದಲ್ಲಿ ಉಗುರು ಬೆರೆಸಿತು. ಕತೆ ಗೆದ್ದ ಮಾತ್ರಕ್ಕೆ ಕತೆಯವನು ಗೆದ್ದ ಹಾಗಲ್ಲ.

7

‘ಲೈಲಾ’ವನ್ನು ನಿಲ್ಲಿಸಲು ಬಂದವರ ಸಾಲಿನಲ್ಲಿ ಈ ಲೇಖನವನ್ನು ಯಾರೂ ಸೇರಿಸಬಾರದು. ಆ ಸರಣಿಯನ್ನು ನೋಡುವ ಹಕ್ಕು, ಅದು ಮುಂದುವರಿಯುವ ಹಕ್ಕು ಎರಡರ ಪರವಾಗಿಯೂ ನಾವು ನಿಲ್ಲಬೇಕು. ಆದರೆ ಶತ್ರು ಎದುರಿಗಿದ್ದಾನೆ, ಈಗ ನಮ್ಮವರನ್ನು ಟೀಕಿಸಬೇಡಿ ಎಂಬ ಮಾತನ್ನು ನಾವು ಐವತ್ತು ವರ್ಷಗಳಿಂದ ಕೇಳುತ್ತಿದ್ದೇವೆ. ಪ್ರಗತಿಪರರ ಕತೆಯಲ್ಲಿ ಹಿನ್ನೆಲೆಯಾಗಿ ನಿಲ್ಲುವುದೇ ನಮ್ಮ ಪಾಲಿನ ಐಕ್ಯತೆ ಅನ್ನುವುದಾದರೆ ಅದು ಬೇಡ. ನೀರಜ್ ಘಾಯ್ವಾನ್ 2023ರಲ್ಲಿ ‘ಮೇಡ್ ಇನ್ ಹೆವನ್’ನ ಒಂದು ಕಂತಿನಲ್ಲಿ ದಲಿತ ಹೆಣ್ಣುಮಗಳ ಬೌದ್ಧ ಮದುವೆಯನ್ನು ತೋರಿಸಿದಾಗ ನಮ್ಮ ಹುಡುಗ ಹುಡುಗಿಯರು ಅದನ್ನು ಹೇಗೆ ಎತ್ತಿಕೊಂಡು ಓಡಾಡಿದರು ಅಂತ ನೋಡಿದ್ದೇವೆ. ಒಂದು ಕಂತು ಸಾಕಾಯಿತು, ಯಾಕೆಂದರೆ ಅದರಲ್ಲಿ ನಿಲ್ಲಲು ಜಾಗವಿತ್ತು.

ನಮ್ಮ ಬರಹಗಾರರು ನಾಳೆಗೆ ಕೈಹಚ್ಚಬೇಕು. ಹದಿನೈದು, ಹದಿನಾರನೆಯ ಶತಮಾನದ ಚಮ್ಮಾರ ಸಂತ ರವಿದಾಸರು ದುಃಖವಿಲ್ಲದ, ತೆರಿಗೆಯಿಲ್ಲದ ‘ಬೇಗಂಪುರ’ವನ್ನು ಕಲ್ಪಿಸಿಕೊಂಡಿದ್ದರು. ಅವರಿಗಿದ್ದ ಧೈರ್ಯ ನಮಗೂ ಬೇಕು. ರಾಕೆಟ್ಟು, ರೋಬೋಟ್ಟುಗಳಿಂದಲೇ ಶುರುಮಾಡಬೇಕು ಅಂತೇನಿಲ್ಲ.

ತರಗತಿಯಲ್ಲಿ ಒಮ್ಮೆ 2047ರ ನಮ್ಮೂರು ಅಂತ ಒಂದು ಕತೆ ಬರೆಯಲು ಹೇಳಿದ್ದೆ. ಹೆಚ್ಚಿನವರು ಮೇಲುಸೇತುವೆ, ಮೆಟ್ರೋ ಬರೆದರು. ಒಬ್ಬ ಹುಡುಗಿ ಹೀಗೆ ಬರೆದಳು: ಕಡಲು ಮೇಲೆ ಬಂದಿದೆ. ಹೊಳೆಗೂ ಕಡಲಿಗೂ ನಡುವಿನ ಮಟ್ಟುವಿನ ಗದ್ದೆ, ಮನೆ, ಬಾವಿ ಎಲ್ಲ ಉಪ್ಪು. ಸಿಹಿನೀರು ಉಳಿದಿರುವುದು ದೂರದ ಪದವಿನ ಮೇಲೆ, ಒಂದು ಕಾಲದಲ್ಲಿ ಊರಿನಿಂದ ಹೊರಗೆ ಅಂತ ಕಾಲೊನಿಗೆ ಕೊಟ್ಟ ಜಾಗದ ಬಾವಿಯಲ್ಲಿ. ಊರಿಗೆ ಊರೇ ಕೊಡಪಾನ ಹಿಡಿದು ಗುಡ್ಡ ಹತ್ತಿ ಬರುತ್ತಿದೆ. ಕಾಲೊನಿಯಲ್ಲಿ ರಾತ್ರಿಯಿಡೀ ಸಭೆ. ಕೊಡುವುದೋ ಬೇಡವೋ? ಕೊಟ್ಟರೆ ಯಾರು ಸೇದಿ ಕೊಡುವುದು, ನಾವೋ ಅವರೋ? ಯಾರು ಹಗ್ಗ ಮುಟ್ಟುವುದು? ಹಳೆಯ ಲೆಕ್ಕಗಳೆಲ್ಲ ಆ ಸಭೆಯಲ್ಲಿ ಹೊರಬರುತ್ತವೆ, ಬೈಗುಳವೂ, ನಗುವೂ. ಬೆಳಗಾದಾಗ ಬಾವಿಕಟ್ಟೆಯ ಹತ್ತಿರ ನಿಂತ ಮುದುಕಿ ಮೊದಲು ಬಂದವನನ್ನು ಕೇಳುತ್ತಾಳೆ: “ಹಗ್ಗ ತಂದಿದ್ದೀಯಾ?”

ಆರು ಪುಟದ ಕತೆ, ಕಾಗುಣಿತದ ತಪ್ಪು ಬೇಕಾದಷ್ಟು. ತರಗತಿಯಲ್ಲಿ ಓದಿಸಿದ ಮಾರನೆಯ ದಿನ ನಾಲ್ಕು ಜನ ಬಂದು ಮುಂದೇನಾಯಿತು ಅಂತ ಅವಳನ್ನು ಕೇಳುತ್ತಿದ್ದರು. ಹಗ್ಗ ಕೊಡಬಾರದಿತ್ತು ಅಂತ ಒಬ್ಬ ಜಗಳಕ್ಕೇ ನಿಂತಿದ್ದ.